ಅವಸರವಿಲ್ಲದ ಊಟ

ಅವಳು ಅವನ ಮುಖ ನೋಡುವ ಮೊದಲೇ ಅವನ ಅನ್ನನಾಳ ನೋಡಿದ್ದಳು.

ಎಕ್ಸ್‌ರೇಯಲ್ಲಿ ಅದು ಹಿಗ್ಗಿ, ತುಸು ಸೊಟ್ಟಗಾಗಿತ್ತು. ನಾಳದ ಕೆಳತುದಿ ಬಿಗಿದುಕೊಂಡು, ನುಂಗಿದ್ದೆಲ್ಲ ಎದೆಯಲ್ಲೇ ನಿಂತುಬಿಡುವ ಕಾಯಿಲೆ. ಬಾಯಿಯಿಂದಲೇ ಎಂಡೋಸ್ಕೋಪ್ ಇಳಿಸಿ ಆ ಬಿಗಿದ ಸ್ನಾಯುವನ್ನು ಒಳಗಿನಿಂದ ಕತ್ತರಿಸುತ್ತಾರೆ. ಹೆಚ್ಚಿನವರಿಗೆ ಗುಣವಾಗುತ್ತದೆ, ಕೆಲವರಿಗೆ ಮರುಕಳಿಸುತ್ತದೆ. ಯಾರಿಗೆ ಮರುಕಳಿಸೀತೆಂದು ಮೊದಲೇ ಲೆಕ್ಕ ಹಾಕುವುದು ಆಸ್ಪತ್ರೆಯಲ್ಲಿ ಅವಳ ಕೆಲಸ. ಈಜು ಕೋಚ್ ಆಗಿದ್ದ ಇವನ ವಿಷಯದಲ್ಲಿ ಲೆಕ್ಕ ಒಳ್ಳೆಯ ಮಾತು ಹೇಳಿರಲಿಲ್ಲ.

ಆಪರೇಷನ್ ಆದವರಿಗೆ ಆಗಾಗ ಫೋನ್ ಮಾಡುವುದೂ ಅವಳ ಪಾಲಿಗೇ ಬಂದಿತ್ತು. ಊಟ ಸಿಕ್ಕಿಕೊಳ್ಳುತ್ತದೆಯೇ, ಎದೆ ನೋಯುತ್ತದೆಯೇ, ತೂಕ ಇಳಿಯಿತೇ ಎಂದು ಕೇಳಿದರೆ ಅವನು ಎಲ್ಲಕ್ಕೂ ಇಲ್ಲವೆಂದ. ಆಮೇಲೆ, "ನಿಮ್ಮ ಊಟ ಆಯ್ತಾ? ಅದನ್ನ ಯಾರೂ ಕೇಳಲ್ವಾ?" ಅಂದ.

ನಿಜಕ್ಕೂ ಯಾರೂ ಕೇಳುತ್ತಿರಲಿಲ್ಲ. ಅವಳಿಗೆ ಇದ್ದಕ್ಕಿದ್ದಂತೆ ಹಸಿವಾಯಿತು.

ತಪಾಸಣೆಗೆ ಬಂದ ದಿನ ಅವನ ತಲೆಗೂದಲು ಇನ್ನೂ ಒದ್ದೆಯಿತ್ತು, ಅಂಗಿಯಿಂದ ಈಜುಕೊಳದ ವಾಸನೆ ಬರುತ್ತಿತ್ತು. ಫೋನಿನಲ್ಲಿ ಅರಳು ಹುರಿದಂತೆ ಮಾತಾಡುವವನು ಎದುರಿಗೆ ಬಂದಾಗ ನೆಲ ನೋಡಿದ. ನೋಡಿದ್ದು ನೆಲವನ್ನಾದರೂ ನಗು ಅವಳ ಕಡೆಗಿತ್ತು. ಅವತ್ತಿನಿಂದ ಕಾಫಿ, ಸಂಜೆಯ ನಡಿಗೆ, ಬಸ್‌ಸ್ಟಾಪಿನಲ್ಲಿ ಬೇಕೆಂದೇ ತಪ್ಪಿಸಿಕೊಂಡ ಬಸ್ಸು. ತನ್ನ ಲೆಕ್ಕ ಸುಳ್ಳಾಯಿತೆಂದು ಅವಳು ಇಷ್ಟು ಖುಷಿಪಟ್ಟದ್ದೇ ಇಲ್ಲ.

ಒಂದು ಭಾನುವಾರ ಅವನ ಅಕ್ಕ ಇಬ್ಬರನ್ನೂ ಊಟಕ್ಕೆ ಕರೆದಳು. ತಮ್ಮ ಈಜು ಕಲಿಯುವ ಮೊದಲು ಬಕೆಟ್ಟಿಗೂ ಹೆದರುತ್ತಿದ್ದನೆಂದು ಹೇಳಿ ಅವನ ಮಾನ ಕಳೆದಳು. ಎಲ್ಲರೂ ನಗುತ್ತಿರುವಾಗ ಅವನು ನೀರು ತರುವ ನೆಪದಲ್ಲಿ ಎದ್ದುಹೋದ. ಎಷ್ಟು ಹೊತ್ತಾದರೂ ಬರಲಿಲ್ಲ.

ಅವಳು ಅಡುಗೆಮನೆಗೆ ಹೋದಳು. ಅವನು ಸಿಂಕಿನ ಅಂಚು ಹಿಡಿದು, ಬೆನ್ನು ಸೆಟೆಸಿ, ಕಣ್ಣು ಮುಚ್ಚಿಕೊಂಡು ನಿಂತಿದ್ದ. ಎದೆಯಲ್ಲಿ ನಿಂತ ತುತ್ತು ಇಳಿಯುವುದನ್ನೇ ಕಾಯುತ್ತಿದ್ದ.

ಯಾವಾಗಿನಿಂದ ಹೀಗೆ ಎಂದು ಕೇಳಿದಳು. ಬಹಳ ದಿನವಾಯಿತೆಂದು ಒಪ್ಪಿಕೊಂಡ. ಗುಣವಾದವನಾಗಿಯೇ ಅವಳ ಕಣ್ಣಿಗೆ ಕಾಣಬೇಕೆಂಬ ಆಸೆಗೆ ಮುಚ್ಚಿಟ್ಟೆ ಎಂದ.

"ನೀವು ಚೆನ್ನಾಗಿದೀನಿ ಅಂದ್ರಿ, ನಾನು ಬರ್ಕೊಂಡೆ. ನಿಮ್ಮ ಥರದ್ದೇ ಕಾಯಿಲೆ ಇರೋ ಇನ್ನೊಬ್ಬರಿಗೆ ನಾಳೆ ಅದನ್ನ ನಂಬಿ ಧೈರ್ಯ ಹೇಳ್ತಿದ್ದೆ," ಅಂದಳು. ದನಿ ಏರಲಿಲ್ಲ, ಕಣ್ಣು ಮಾತ್ರ ತುಂಬಿತ್ತು. ಅಕ್ಕನಿಗೆ ಹೇಳಿ ಹೊರಟುಬಿಟ್ಟಳು.

ಆಸ್ಪತ್ರೆಯಿಂದ ಅವನಿಗೆ ಮುಂದಿನ ಫೋನ್ ಬಂದಾಗ ಅತ್ತ ಒಂದು ಗಂಡಸಿನ ದನಿ. ಇನ್ನು ಮುಂದೆ ನಿಮ್ಮ ವಿಚಾರಣೆ ನನ್ನದು ಎಂದಿತು. ಅವನು ಈ ಸಲ ಎಲ್ಲ ಪ್ರಶ್ನೆಗಳಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹೇಳಿ, ಅವಳ ಸಂಬಂಧ ಅಲ್ಲಿಗೆ ಮುಗಿಯಿತೆಂದುಕೊಂಡ.

ಮತ್ತೆ ಎಕ್ಸ್‌ರೇ ಎಂದಾಗ ಒಬ್ಬನೇ ಹೋದ. ಎಕ್ಸ್‌ರೇಗೆಂದು ಕುಡಿಸಿದ, ಸುಣ್ಣದಂಥ ಬಿಳಿ ದ್ರವ ಇಳಿಯದೆ ಎದೆಯಲ್ಲೇ ನಿಂತಿತ್ತು. ಸ್ನಾಯುವನ್ನು ಇನ್ನೊಂದು ಕಡೆಯಿಂದ ಕತ್ತರಿಸಬೇಕು ಎಂದರು ಡಾಕ್ಟರು. ಹೊರಗೆ ಬಂದರೆ ಬೆಂಚಿನ ಮೇಲೆ ಅವಳು ಕೂತಿದ್ದಳು.

"ನಿಮ್ಮ ಕೇಸ್ ನಾನೇ ಬಿಟ್ಟುಕೊಟ್ಟೆ," ಅಂದಳು. "ಲೆಕ್ಕ ಹಾಕೋರು ಪಕ್ಷಪಾತ ಮಾಡಬಾರದು. ನನಗೆ ಈಗ ಪಕ್ಷಪಾತ ಜಾಸ್ತಿಯಾಗಿದೆ."

ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದಾಗ ಅವಳ ಪಕ್ಕ ಬಂದು ಕೂತ.

"ನೀವಂದ್ರೆ ನನಗೆ ತುಂಬಾ ಇಷ್ಟ," ಎಂದ. "ಆದ್ರೆ ಇದೂ ಫೇಲಾದ್ರೆ?"

"ಫೇಲಾದ್ರೆ ನಿಧಾನವಾಗಿ ಊಟ ಮಾಡೋಣ. ನನಗೇನೂ ಅವಸರ ಇಲ್ಲ."

ಎರಡನೆಯ ಚಿಕಿತ್ಸೆ ಆಯಿತು. ಪೂರ್ತಿ ಗುಣವೆಂದು ಯಾರೂ ಹೇಳಲಿಲ್ಲ. ಆದರೆ ಸೂಪು ಇಳಿಯಿತು, ಕೆಲವು ವಾರಗಳಲ್ಲಿ ಮೆತ್ತನೆಯ ಬ್ರೆಡ್ಡೂ ಇಳಿಯಿತು. ಆಸ್ಪತ್ರೆ ಎದುರಿನ ಚಿಕ್ಕ ಹೋಟೆಲಿನಲ್ಲಿ ಅವಳು ತಟ್ಟೆ ಖಾಲಿ ಮಾಡಿ, ಗಲ್ಲಕ್ಕೆ ಕೈಯಿಟ್ಟು ಅವನನ್ನೇ ನೋಡುತ್ತಾ ಕೂತಳು.

"ಹಾಗೆ ನೋಡಿದ್ರೆ ನಾಚಿಕೆ ಆಗುತ್ತೆ," ಎಂದ ಅವನು.

"ಆಗಲಿ," ಎಂದು ಅವಳು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.