ಕೋಲಿನ ತುದಿಯಿಂದ ಮುಟ್ಟಿದವನು

“ಅಯ್ಯಯ್ಯೋ... ಸರೀರಿ! ಬಾಜೂಕ ಸರೀರಿ!”

ಸೋನಾಲಿ ಕೂಗುವಷ್ಟರಲ್ಲಿ ಗಾಲ್ಫ್ ಚೆಂಡು ಬದು ದಾಟಿತ್ತು. ಆಚೆ ನಡೆದು ಬರುತ್ತಿದ್ದ ಯುವಕ ತಟ್ಟನೆ ಕುಕ್ಕರಗಾಲಲ್ಲಿ ಕೂತ. ಚೆಂಡು ಅವನ ತಲೆಯ ಮೇಲಿಂದ ಹಾರಿ ಜೋಳದೊಳಗೆ ಮಾಯವಾಯಿತು.

ಅವನು ಎದ್ದು ಅಂಗಿ ಕೊಡವಿಕೊಂಡ.

“ಯಾರ ಮ್ಯಾಲಿನ ಸಿಟ್ಟರೀ ಇದು?”

“ಸಿಟ್ಟಲ್ಲರೀ... ಕಲೀಲತ್ತೀನಿ.”

“ಕಾಸಾರಶಿರಸಿಯಂಥ ಹಳ್ಳಿ ಹೊಲದಾಗ ಗಾಲ್ಫ್!” ಅವನು ನಕ್ಕ.

ಎಂಥ ತಿಳಿಯಾದ ಕಣ್ಣು! ಅವಳ ಎದೆ ಝಲ್ಲೆಂದಿತು.

ಅವನು ಸಿದ್ಧೇಶ್ವರ, ದೊಡ್ಡ ಒಕ್ಕಲುತನದ ರೇವಣಪ್ಪನ ಮಗ. ಪುಣೆಯ ಗಾಲ್ಫ್ ಮೈದಾನದಲ್ಲಿ ಹೊಸಬರಿಗೆ ಕಲಿಸುತ್ತಿದ್ದವನು, ಈಗಷ್ಟೇ ಊರಿಗೆ ಮರಳಿದ್ದ. ಅವಳು ಕುರಿ ಸಾಕುವ ಗುರಣ್ಣನ ಮಗಳು. ಉದಗೀರದ ಒಂದು ಶಾಲೆ ಆಟದ ಟೀಚರ್ ಕೆಲಸ ಕೊಡುತ್ತೇನೆಂದಿತ್ತು, ಗಾಲ್ಫಿನ ಮೊದಲ ಪಾಠ ಕಲಿತು ಬಂದರೆ! ಅಭ್ಯಾಸಕ್ಕೆ ಚೆಂಡು ಹೊಡೆಯುವ ಒಂದು ಕೋಲನ್ನೂ ಕೊಟ್ಟಿತ್ತು.

“ನಾ ಕಲಸ್ತೀನಿ ಬರ್ರಿ,” ಎಂದ ಸಿದ್ಧೇಶ್ವರ.

ಸೋಯಾಬೀನ್ ಕೊಯ್ದ ಹೊಲದಲ್ಲಿ ಸಂಜೆಗಳು ಕನಸಿನಂತೆ ಕರಗತೊಡಗಿದವು...

“ಚೆಂಡ ಎತ್ತಲಾಕ ಹೋಗಬ್ಯಾಡ್ರಿ. ಬುಡಕ್ಕ ಹೊಡೀರಿ, ತಾನೇ ಏಳ್ತದ. ತಲಿ ಎತ್ತಬ್ಯಾಡ್ರಿ!”

ಒಂದು ಸಂಜೆ ಚೆಂಡು ನಿಜಕ್ಕೂ ಎದ್ದಿತು. ಕೆಂಪು ಆಕಾಶದಲ್ಲಿ ಬೆಳ್ಳಕ್ಕಿಯಂತೆ ತೇಲಿ, ಮೆಲ್ಲಗೆ ಇಳಿಯಿತು. ಸೋನಾಲಿಯ ಮನಸ್ಸು ಮಾತ್ರ ಆಮೇಲೂ ಇಳಿಯಲಿಲ್ಲ!

ಆದರೆ ಒಂದು ಮುಳ್ಳು. ಅವಳ ಹಿಡಿತ ತಪ್ಪಿದಾಗಲೆಲ್ಲ ಅವನು ತೊಗರಿ ಕಟ್ಟಿಗೆಯ ತುದಿಯಿಂದ ಬೆರಳು ಸರಿಪಡಿಸುತ್ತಿದ್ದ. ಕೈಯಿಂದ ಒಮ್ಮೆಯೂ ಮುಟ್ಟಲಿಲ್ಲ.

‘ನನ್ನ ಕೈಗೇನಾಗಿದೆ? ಕುರಿಯ ವಾಸನೆಯೇ?’

ಇನ್ನೊಂದು ಸಂಜೆ ಎಷ್ಟು ಹೊಡೆದರೂ ಚೆಂಡು ಎಡಕ್ಕೇ ಹೊರಳಿತು. ಅವನು ನಕ್ಕುಬಿಟ್ಟ.

“ಜಾಲಿ ಟೊಂಗಿ ಎಳದಂಗ ಕೋಲು ನಿಮ್ಮ ಕಡಿ ಎಳೀಲತ್ತೀರಿ! ಕುರಿ ಕಾಯೋರ ರೂಢಿ ನೋಡ್ರಿ!”

ನಿಜವೇ. ಕುರಿಗಳಿಗೆ ಟೊಂಗೆ ಬಗ್ಗಿಸಿ ಬಗ್ಗಿಸಿ ಅವಳ ತೋಳಿಗೆ ಎಳೆಯುವುದೊಂದೇ ಗೊತ್ತು. ಆದರೆ ಮತ್ತೆ ಆ ಕಟ್ಟಿಗೆ ಬೆರಳಿಗೆ ತಾಗಿತು. ಮೈಯೆಲ್ಲ ಉರಿಯಿತು!

“ಪುರೇ ಝಾಲಂ! ಸಾಕ ಮಾಡ್ರಿ! ಹೌದ್ರಿ, ಕುರಿ ಕಾಯೋರ ಪೋರಿ ನಾ! ಮುಟ್ಟಿದ್ರ ದೊಡ್ಡ ಮನಿಯವರ ಕೈ ಹೊಲಸಾಗ್ತದಲ್ಲ?”

“ಸೋನಾಲಿ... ಹಂಗಲ್ಲ...”

ಅವಳು ಹೊರಟೇಬಿಟ್ಟಳು, ತಿರುಗಿ ನೋಡಲಿಲ್ಲ. ಮರುದಿನ ಹೊಲಕ್ಕೂ ಹೋಗಲಿಲ್ಲ. ಗೋಡೆಗೆ ಮುಖ ಮಾಡಿ ಅತ್ತಳು.

ಅದರ ಮರುದಿನ ಸಂಜೆ ತಾಯಿ ಮಾಳವ್ವ ಒಳಗೆ ಬಂದಳು.

“ಏಳ ಪೋರಿ. ರೇವಣಪ್ಪನ ಮಗ ಅಂಗಳದಾಗ ಕುಂತಾನ. ರೊಟ್ಟಿ ಕೊಟ್ರ ತಿಂದ, ಚಾ ಕೊಟ್ರ ಕುಡದ. ಏನ ಮಾಡಿದ್ರೂ ಎದ್ದು ಹೋಗವಲ್ಲ!”

ಸೋನಾಲಿ ತಟ್ಟನೆ ಎದ್ದು ಕೂತಳು. ನಮ್ಮ ತಾಟಿನಲ್ಲಿ... ರೊಟ್ಟಿ ತಿಂದನೇ?

ಹೊರಗೆ ಬಂದಾಗ ಅವನು ಎದ್ದು ನಿಂತ.

“ಹೆಣ್ಣು ಕೇಳಲಾಕ ನಿಮ್ಮಪ್ಪನ ಕಡಿ ಬಂದೆ. ಆದ್ರ ಮೊದಲ ನಿಮ್ಮನ್ನ ಕೇಳಬೇಕಲ್ಲ...”

“ಕೋಲಿಲೆ ಮುಟ್ಟೋರು ಏನ ಕೇಳ್ತೀರಿ?”

ಅವನು ಒಂದು ಹೆಜ್ಜೆ ಮುಂದೆ ಬಂದ. “ಪುಣೆದಾಗ ಎಷ್ಟೋ ಮಂದಿ ಕೈ ಹಿಡದು ಕಲಿಸೀನಿ. ಅದು ಕೆಲಸ. ನಿಮ್ಮ ಕೈ ಹಿಡದ್ರ ಅದು ಕೆಲಸ ಆಗ್ತಿದ್ದಿಲ್ಲರೀ... ನೀವು ನಂಬಿ ಕಲೀಲಾಕ ಬಂದವರು. ಪಾಠದ ಹೆಸರಲೆ ನನ್ನ ಆಸೆ ಕದ್ದು ತೀರಿಸಿಕೋಬೇಕೇನು? ನೀವಾಗೇ ಕೊಟ್ರ ಹಿಡೀಬೇಕಂತ...”

ಅವಳ ಕಣ್ಣು ತುಂಬಿ ಬಂತು. ‘ಇವನನ್ನೇ ನಾನು ತಪ್ಪು ತಿಳಿದೆನಲ್ಲ...!’

ಮೆಲ್ಲಗೆ ಕೈ ಚಾಚಿದಳು. ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ನಿಮ್ಮಪ್ಪನ ಈಗೇ ಕೇಳಲೇನು?”

“ಅಪ್ಪ ಕುರಿ ಉಣ್ಣೆ ಕತ್ತರಸಲತ್ತಾನ. ಕೈಯಾಗ ಕತ್ತರಿ ಅದ... ಜರಾ ತಡೀರಿ!”

“ತಡೀತೀನಿ. ಆದ್ರ ಕೈ ಬಿಡಂಗಿಲ್ಲ.”

ಅವಳು ಮೊದಲ ಸಲ ಅವನ ಹೆಸರು ಹಿಡಿದು ಕರೆದಳು.

“ಬಿಡು ಅಂತ ಯಾರಂದ್ರು... ಸಿದ್ಧೂ?”