ನಾಲ್ಕನೆಯ ಗೋಡೆಯ ಬಟ್ಟೆ

“ಏ, ಕೌದಿ ಹೊದ್ದು ಬೆಳದಾವನ! ಜಪಾನದ ಕಲಾ ನಿನಗೇನ ತಿಳೀತೈತಿ? ನಿಮ್ಮ ಮ್ಯಾಡಮ್ಮಾರ್ನ ಕರಿ!”

ಬೆಳಿಗ್ಗೆ ಹತ್ತೂವರೆ. ರಾಣೆಬೆನ್ನೂರು ಠಾಣೆಯ ಬೆಂಚು ತುಂಬ ಜನ. ಅವರೆಲ್ಲರೆದುರು ಲಾಡ್ಜ್ ಮಾಲೀಕ ವಿಜಯಮಹಾಂತೇಶ ಈ ಮಾತು ಒಗೆದ. ಹೆಡ್ ಕಾನ್‌ಸ್ಟೇಬಲ್ ಕನಕಪ್ಪ ಮಾಡಿದ ತಪ್ಪು ಇಷ್ಟೇ: ಕಳುವಾದ ಬಟ್ಟೆಯ ಫೋಟೊ ನೋಡಿ “ಹಳೇ ಸೀರಿ-ಧೋತ್ರ ಕೂಡಿಸಿ ಹೊಲದ ಕೌದಿ ಇದ್ದಂಗ ಐತಲ್ರಿ” ಅಂದಿದ್ದ. ಬೆಂಚಿನವರು ಕಿಸಕ್ಕೆಂದರು. ಕನಕಪ್ಪನ ಮುಖ ಬ್ಯಾಡಗಿ ಮೆಣಸಿನಕಾಯಿಯಾಯಿತು. ಖಾರ ಮಾತ್ರ ಒಳಗೇ ಉಳಿಯಿತು.

ಪಿಎಸ್ಐ ನಿರ್ಮಲಾ ಎಫ್ಐಆರ್ ದಾಖಲಿಸಿ ಸ್ಥಳ ಪಂಚನಾಮೆಗೆ ಹೊರಟರು. ಲಾಡ್ಜಿನ ಹೊಸ ಹಾಲ್‌ನ ಮೂರು ಗೋಡೆಗಳ ಮೇಲೆ ಗಾಜಿನ ಚೌಕಟ್ಟುಗಳು. ಒಳಗೆ ಜಪಾನಿನ ಬಟ್ಟೆ. ನೀಲಿ ತ್ರಿಕೋನ, ಬಿಳಿ ಅರ್ಧಚಂದ್ರ, ಓರೆ ಪಟ್ಟಿ. ಹೂವಿಲ್ಲ, ಬಳ್ಳಿಯಿಲ್ಲ, ಬರೀ ಗೆರೆಯ ಲೆಕ್ಕ, ಆದರೂ ಕಣ್ಣು ಕಿತ್ತುಕೊಳ್ಳಲಾಗದಷ್ಟು ಚಂದ. ನಾಲ್ಕನೆಯ ಗೋಡೆ ಬೋಳು. ಅದರ ಖಾಲಿ ಚೌಕಟ್ಟು ಗಾಜಿನ ಸಮೇತ ಕೆಳಗೆ ಗೋಡೆಗೆ ಒರಗಿ ನಿಂತಿತ್ತು. ಕ್ಯಾಮೆರಾ ಹಚ್ಚಿದ್ದರು, ವೈರು ಕೊಟ್ಟಿರಲಿಲ್ಲ.

“ಕಳ್ಳ ಉಳಿದ ಮೂರು ಯಾಕ ಬಿಟ್ಟ?” ನಿರ್ಮಲಾ ಕೇಳಿದರು.

“ಅವಸರ ಇರಬೇಕ್ರಿ,” ಮಾಲೀಕ ಅಂದ.

“ಅವಸರದಾಗ ಇದ್ದಾವ ಗಾಜಿಗೆ ಗೀರೂ ಬೀಳದಂಗ ಬಿಚ್ಚತಾನೇನ್ರಿ?”



ಚೌಕಟ್ಟು ಕಟ್ಟಿದವನು ಹಾವೇರಿಯ ಅಶ್ಫಾಕ. ಮಧ್ಯಾಹ್ನ ಅವನ ಅಂಗಡಿಗೆ ಹೋದರು.

“ಮೂರು ಸರಳ ಕುಂತುವ್ರಿ. ನಾಲ್ಕನೇದರ ಮೂಲಿ ಉಬ್ಬಿತ್ತು, ಗಾಜ ಕುಂದರವಲ್ದು. ಹೊಲಿಗಿ ಬಿಚ್ಚಿದ್ರ ಒಳಗ ರೊಟ್ಟಿ ತುಣುಕ! ಜಪಾನದವ್ರೂ ಜ್ವಾಳದ ರೊಟ್ಟಿ ತಿಂತಾರೇನ್ರಿ ಸಾಹೇಬ್ರ?”

ಕನಕಪ್ಪ ನಗಲಿಲ್ಲ. “ಮ್ಯಾಡಮ್, ಕೌದಿ ಹಸದಿರಬಾರದಂತ ಕಡೀ ಮೂಲಿ ಮುಚ್ಚೂಮುಂದ ರೊಟ್ಟಿ ಇಟ್ಟು ಹೊಲೀತಾರ. ನಮ್ಮವ್ವನೂ ಇಡತಿದ್ಲು.”

“ಬಟ್ಟಿ ಎಲ್ಲಿಂದ ತಂದಿದ್ರು?”

“ನಾಲ್ಕನೇದನ್ನ ಲಾಡ್ಜಿನ ಧಣೀರು ಬ್ಯಾಡಗಿ ಪ್ಯಾಟಿಯಿಂದ ಬರೂಮುಂದ ತಂದ್ರು. ಮೆಣಸಿನಕಾಯಿ ಘಾಟಿಗೆ ಸೀನಿ ಸೀನಿ ಸಾಕಾತ್ರಿ.”

ಬ್ಯಾಡಗಿಯ ಓಣಿಯೊಂದರಲ್ಲಿ ಕೌದಿ ಹೊಲಿಯುತ್ತಿದ್ದ ಹೆಂಗಸರು ಫೋಟೊ ನೋಡಿದ ಕೂಡಲೇ ಅಂದರು, “ಇದು ಗುತ್ತೆವ್ವನ ಕೈ.”

ಗುತ್ತೆವ್ವನ ಮನೆಯ ತೊಟ್ಟಿಲಲ್ಲಿ ಕೂಸು ಮಲಗಿತ್ತು. ಮೈಮೇಲೆ ಫೋಟೊದಲ್ಲಿದ್ದ ಅದೇ ನೀಲಿ ತ್ರಿಕೋನದ ಕೌದಿ. ಅಶ್ಫಾಕ ಬಿಚ್ಚಿದ್ದ ಮೂಲೆಯಲ್ಲಿ ಹೊಸ ಕೆಂಪು ದಾರದ ಹೊಲಿಗೆ. ಕನಕಪ್ಪ ಬೆರಳಿಂದ ಒತ್ತಿದ. ಒಳಗೆ ರೊಟ್ಟಿ ಪುಡಿಯಾಯಿತು.

“ಸೊಸಿ ಕಾವೇರಿ ಇದನ್ನ ಹಡದು ತೀರಿಕೊಂಡ್ಳು,” ಮುದುಕಿ ಅಂದಳು. “ನೀಲಿ ಆಕಿ ಸೀರಿ, ಬಿಳೇದು ನನ್ನ ಮಗನ ಲಗ್ನದ ಧೋತ್ರ. ಆ ಲಾಡ್ಜಿನ ಧಣಿ ನೋಡಿ, ಮಾದರಿ ತೋರಿಸಿ ತರತೇನಿ ಅಂತ ಒಯ್ದ. ತರಲೇ ಇಲ್ಲ.”

ಮಗ ತಿರಕಪ್ಪ, ಪೇಟೆಯ ಹಮಾಲ, ತಾನೇ ಎದುರು ಬಂದು ನಿಂತ. “ನಾನ ತಂದೇನ್ರಿ. ಲಾಡ್ಜಿನಾಗ ನಡದಿದ್ದ ಮದುವಿ ಊಟದ ಗದ್ದಲದಾಗ ಒಳಗ ಹೊಕ್ಕೆ. ಅದಕ್ಕಿಂತ ಮೊದಲ ಕೇಳಾಕ ಹೋಗಿದ್ದೆ. ಜಪಾನದ್ದು, ಮುಟ್ಟಬ್ಯಾಡ ಅಂತ ಕುತ್ತಿಗಿ ಹಿಡದು ದಬ್ಬಿದ್ರು. ನನ್ನ ಹೆಂಡ್ತಿ ಸೀರೀನ ನಾನ ಮುಟ್ಟಬಾರದೇನ್ರಿ?”

“ಉಳಿದ ಮೂರು ಯಾಕ ಬಿಟ್ಟಿ?”

“ಅವೂ ಯಾರರ ಮನಿವು ಇರಬೇಕಲ್ರಿ.”

ನಿರ್ಮಲಾ ಮುದುಕಿಯ ಕಡೆ ತಿರುಗಿದರು. “ಅವ್ವಾ, ನಿನ್ನ ಫಿರ್ಯಾದಿನೂ ಬರಕೋತೇವಿ. ಆದರ ದಾಖಲಾದ ಕೇಸ ಬಿಡಾಕ ಬರೂದಿಲ್ಲ. ಉಳಿದದ್ದು ಕೋರ್ಟಿನಾಗ.”

ಸಂಜೆ ಜಪ್ತಿ ಪಂಚನಾಮೆಯಾಯಿತು. ‘ಕೌದಿ, ಒಂದು. ಮೂಲೆಯಲ್ಲಿ ರೊಟ್ಟಿ ತುಣುಕು.’ ಬರೆದವನು ಕನಕಪ್ಪ. ಒತ್ತಿ ಬರೆದ ರಭಸಕ್ಕೆ ಹಾಳೆ ಹರಿಯಿತು. ಕೌದಿ ಎಳೆದಾಗ ಕೂಸು ಚೀರಿ ಅತ್ತಿತು. ಅವನು ತನ್ನ ಟವೆಲ್ಲು ಹೊದಿಸಿ, ತಿರಕಪ್ಪನನ್ನು ಜೀಪು ಹತ್ತಿಸಿದ.

ಠಾಣೆಯಲ್ಲಿ ಮಾಲೀಕ ಕಾದಿದ್ದ. ಬೆಂಚಿನ ಮೇಲೆ ಮತ್ತೆ ಜನ.

“ಸಿಕ್ತಲ್ಲ ನನ್ನ ಜಪಾನದ ಮಾಲು! ಏ ಕನಕಪ್ಪ, ಪಂಚನಾಮೆದಾಗ ಕೌದಿ ಅಂತ ಬರದೀಯಂತಲ್ಲ? ತಿದ್ದು ಅದನ್ನ. ಹುಟ್ಟಿದಾಗಿಂದ ಕೌದಿ ಬಿಟ್ಟು ಬ್ಯಾರೆ ಏನರ ಕಂಡೀಯೇನು?”

ಈ ಸಲ ಯಾರೂ ನಗಲಿಲ್ಲ. ಲಾಕಪ್ಪಿನಿಂದ ತಿರಕಪ್ಪ ನೋಡುತ್ತಿದ್ದ. ಕನಕಪ್ಪ, ವಿಜಯಮಹಾಂತೇಶನ ಮೇಲೆ ಗುತ್ತೆವ್ವ ಹೆಬ್ಬೆಟ್ಟು ಒತ್ತಿದ್ದ ಫಿರ್ಯಾದಿಯನ್ನು ಅವನ ಮೂಗಿನ ಮುಂದಿನಿಂದಲೇ ಒಯ್ದು ಮೇಡಂ ಟೇಬಲ್ಲಿನ ಮೇಲಿಟ್ಟ. ಟೋಪಿ ಎತ್ತಿ ತಲೆಗಿಟ್ಟುಕೊಂಡ. ಪಂಚನಾಮೆಯ ಒಂದಕ್ಷರವನ್ನೂ ತಿದ್ದದೆ, ಮಾಲೀಕನನ್ನು ದಾಟಿ ಮೆಟ್ಟಿಲಿಳಿದು ಹೋದ.