ಹುಲ್ಲಿನ ರಾಜನನ್ನು ಹೊತ್ತು ತಂದ ಒಡೀಲ್

ಬಹಳ ಹಿಂದೆ, ಪಡುವಣ ಕಡಲುಗಳನ್ನೆಲ್ಲ ದಾಟಿದ ಮೇಲೆ ಸಿಗುವ ಕಬ್ಬಿನ ನಾಡಿನಲ್ಲಿ, ಕಾನೇಲ ಎಂಬ ದ್ವೀಪರಾಜ್ಯವಿತ್ತು. ಅಲ್ಲಿ ವರ್ಷಕ್ಕೊಮ್ಮೆ ಕಾರ್ನಿವಲ್ ನಡೆಯುತ್ತಿತ್ತು. ಜನ ಗರಿ ಮುಡಿದು, ಮುಖವಾಡ ತೊಟ್ಟು, ಡೋಲಿನ ಬಡಿತಕ್ಕೆ ಬೀದಿ ತುಂಬ ಕುಣಿಯುತ್ತಿದ್ದರು. ಕೊನೆಗೆ ಒಣಹುಲ್ಲಿನಲ್ಲಿ ಮಾಡಿದ ಹಬ್ಬದ ರಾಜನನ್ನು ಕಡಲ ದಂಡೆಯಲ್ಲಿ ಸುಡುತ್ತಿದ್ದರು. ಅವನು ಬೂದಿಯಾದರೆ ಹಬ್ಬ ಮುಗಿಯಿತು. ಎಲ್ಲರೂ ಮನೆಗೆ ಹೋಗಿ ಮಲಗುತ್ತಿದ್ದರು.

ಒಂದು ವರ್ಷ ಮಾಲ್ವೇನ್ ಎಂಬ ಮಾಂತ್ರಿಕ ಆ ಹುಲ್ಲಿನ ರಾಜನನ್ನು ಕದ್ದು, ಬೆಟ್ಟದ ಮೇಲಿನ ತನ್ನ ಕೋಟೆಗೆ ಒಯ್ದ. ಹುಲ್ಲಿನ ರಾಜ ಬೂದಿಯಾಗಲಿಲ್ಲ, ಹಬ್ಬ ಮುಗಿಯಲಿಲ್ಲ, ಜನರ ಕಾಲು ನಿಲ್ಲಲಿಲ್ಲ. ಅಂಗಾಲು ಬಿರಿದರೂ ಕುಣಿದರು. ಅಳುತ್ತ ಕುಣಿದರು. ಕುಣಿಯುತ್ತಲೇ ತೂಕಡಿಸಿದರು. ದ್ವೀಪದ ಅರಸನೂ ಕಿರೀಟ ಓರೆಯಾಗಿ ಅವರ ನಡುವೆ ಎಗರುತ್ತಿದ್ದ. ಅವರು ದಣಿದಷ್ಟೂ ಮಾಲ್ವೇನ್ ಯುವಕನಾಗುತ್ತಿದ್ದ.

ಡೋಲು ಬಡಿಯುವವರ ಕಾಲಿಗೆ ಮಾತ್ರ ಮಂತ್ರ ತಟ್ಟಿರಲಿಲ್ಲ. ಆದರೆ ಬಡಿಯುವ ಕೈ ನಿಂತ ಕೂಡಲೇ ಅವರನ್ನೂ ಅದು ಮೆರವಣಿಗೆಯ ಕಡೆಗೆ ಎಳೆಯುತ್ತಿತ್ತು. ಅಂಥವರಲ್ಲಿ ಒಬ್ಬಳು ಒಡೀಲ್. ಅವಳ ಮುದಿ ತಾಯಿ ಯುಫ್ರೇಸಿ ಎದುರಿಗೇ ಕುಣಿಯುತ್ತಿದ್ದಳು.

"ಮಗಳೇ, ಇನ್ನು ನನ್ನ ಕೈಲಾಗದು. ಹೊತ್ತು ಮುಳುಗುವ ತನಕ ನಾನು ಉಳಿಯೋದಿಲ್ಲ."

"ಇನ್ನೊಂದಿಷ್ಟು ತಡ್ಕೋ ಅಮ್ಮ. ಹುಲ್ಲಿನ ರಾಜನನ್ನು ತರುತ್ತೇನೆ."

ಒಡೀಲ್ ಡೋಲು ಬಡಿಯುತ್ತಲೇ ಬೆಟ್ಟದ ದಾರಿ ಹಿಡಿದಳು. ಭುಜಗಳು ಸೀಸದಂತೆ ಭಾರವಾಗಿದ್ದವು.

ಸೇತುವೆಯ ಬಳಿ ತೆಂಗಿನೆತ್ತರದ ಮರಗಾಲು ಕಟ್ಟಿಕೊಂಡ ದೈತ್ಯನೊಬ್ಬ ಅಡ್ಡ ನಿಂತ. "ತುಳಿದುಬಿಡುತ್ತೇನೆ!" ಎಂದ. ದನಿಯಲ್ಲಿ ಕಸುವಿರಲಿಲ್ಲ.

"ಅಣ್ಣಾ, ನೀನು ಕೂತು ಎಷ್ಟು ಕಾಲವಾಯಿತು?"

"ಮಾಂತ್ರಿಕ ಈ ಕಾಲು ಕಟ್ಟಿದ ಮೇಲೆ ಕೂತೇ ಇಲ್ಲ, ತಂಗಿ. ಗಂಟು ಬುಡದಲ್ಲಿದೆ. ಬಗ್ಗಿದರೆ ಬೀಳುತ್ತೇನೆ."

ಅವಳ ಕೈಗಳು ಡೋಲಿನ ಮೇಲಿದ್ದವು. ಆದ್ದರಿಂದ ಹಲ್ಲಿನಿಂದಲೇ ಗಂಟು ಬಿಚ್ಚಿದಳು. ದೈತ್ಯ ದಡಾರನೆ ಕೆಳಗೆ ಬಂದು, ಮೊಣಕಾಲು ನೀವಿಕೊಳ್ಳುತ್ತ ಕೂತ. ದಾರಿ ಬಿಟ್ಟ.

ಕಬ್ಬಿನ ಗದ್ದೆಯಲ್ಲಿ ನೀಲಿ ಕೋಡಿನ ಮೃಗವೊಂದು ಬೆಂಕಿ ಉಗುಳುತ್ತ ಬಂತು. ಒಡೀಲಳ ತಲೆಗೂದಲು ಸೀದುಹೋಯಿತು. ಓಡಲು ಅವಳಲ್ಲಿ ಶಕ್ತಿಯಿರಲಿಲ್ಲ.

"ನನಗೂ ಸಾಕಾಗಿದೆ," ಎಂದಿತು ಮೃಗ. "ಗಂಟಲು ಉರಿಯುತ್ತಿದೆ."

"ಸೊಂಟದಲ್ಲಿ ಸೋರೆಬುರುಡೆಯಿದೆ, ಕುಡಿ. ನನ್ನ ಹತ್ತಿರ ಇರುವ ನೀರು ಅಷ್ಟೇ."

ಮೃಗ ಅದನ್ನು ಬರಿದು ಮಾಡಿ, ಗದ್ದೆಯ ಬದುವಿನಲ್ಲಿ ಮಲಗಿಬಿಟ್ಟಿತು. ಒಡೀಲ್ ಒಣಗಿದ ನಾಲಗೆಯಲ್ಲೇ ಮುಂದೆ ನಡೆದಳು.

ಕೋಟೆಯ ಬಾಗಿಲನ್ನು ಮಾಲ್ವೇನ್ ತಾನೇ ತೆರೆದ. ಒಳಗೆ ಮೂಲೆಯಲ್ಲಿ ಹುಲ್ಲಿನ ರಾಜ. ನಡುವೆ ಬಿಳಿ ಹಾಸಿಗೆ.

"ಪಾಪ, ಎಷ್ಟು ಸೋತಿದ್ದೀಯ! ಊರನ್ನು ಮರೆತುಬಿಡು. ನಿನ್ನೊಬ್ಬಳನ್ನು ಬಿಟ್ಟುಬಿಡುತ್ತೇನೆ. ಬಾ, ಮಲಗು."

ಒಡೀಲ್ ಹಾಸಿಗೆಯನ್ನೇ ನೋಡುತ್ತ ನಿಂತಳು. ಕಣ್ಣುಗಳು ತಾವಾಗಿಯೇ ಮುಚ್ಚಿದವು. ಹೂಂ ಎನ್ನಲು ತುಟಿ ಬಿಚ್ಚಿದಳು. ಆದರೆ ಮುಚ್ಚಿದ ಕಣ್ಣಿನೊಳಗೂ ಅಮ್ಮ ಕುಣಿಯುತ್ತಿದ್ದಳು.

ಅವಳು ಡೋಲನ್ನು ಕೆಳಗೆಸೆದು ಹುಲ್ಲಿನ ರಾಜನನ್ನು ತಬ್ಬಿಕೊಂಡಳು. ಆ ಕ್ಷಣವೇ ಮಂತ್ರ ಅವಳ ಕಾಲು ಹಿಡಿದು ಮೆರವಣಿಗೆಯ ಕಡೆಗೆ ಸೆಳೆಯಿತು.

"ನಿಲ್ಲು!" ಮಾಲ್ವೇನ್ ಕೂಗಿದ.

"ನನ್ನ ಕಾಲು ನನ್ನ ಮಾತು ಕೇಳಬೇಕಲ್ಲ! ನಿನ್ನ ಮಂತ್ರಕ್ಕೇ ಹೇಳು."

ಅವಳನ್ನು ನಿಲ್ಲಿಸಬೇಕಾದರೆ ಅವನು ಮಂತ್ರವನ್ನೇ ಹಿಂತೆಗೆಯಬೇಕಿತ್ತು. ಅದಕ್ಕೆ ಮನಸ್ಸಾಗದೆ ಬೆನ್ನಟ್ಟಿದ. ಒಡೀಲ್ ಕುಣಿಯುತ್ತಲೇ ಬೆಟ್ಟ ಇಳಿದಳು, ಗದ್ದೆ ದಾಟಿದಳು, ಸೇತುವೆ ದಾಟಿದಳು, ಜನರ ನಡುವೆ ನುಗ್ಗಿ ದಂಡೆಗೆ ಬಂದಳು. ಅಲ್ಲಿ ಹುಲ್ಲಿನ ರಾಜನಿಗಾಗಿ ಹೊತ್ತಿಸಿದ್ದ ಬೆಂಕಿ, ಹಬ್ಬದಂತೆಯೇ ಮುಗಿಯದೆ, ಇನ್ನೂ ಉರಿಯುತ್ತಿತ್ತು. ತಂದ ಹೊರೆಯನ್ನು ಅದರೊಳಕ್ಕೆ ಎಸೆದಳು.

ಹುಲ್ಲು ಭಗ್ಗೆಂದಿತು. ಡೋಲುಗಳು ನಿಂತವು. ಕಾಲುಗಳು ನಿಂತವು. ಅಲೆಯ ಸದ್ದು ಎಷ್ಟೋ ಕಾಲದ ಮೇಲೆ ಕೇಳಿಸಿತು. ಮಾಲ್ವೇನ್ ನಿಂತಲ್ಲೇ ಮುದುಕನಾಗಿ, ಹಿಂಡಿದ ಕಬ್ಬಿನ ಸಿಪ್ಪೆಯಾಗಿ, ಗಾಳಿಯಲ್ಲಿ ಕಡಲ ಪಾಲಾದ.

ಯಾರೂ ಜಯಕಾರ ಹಾಕಲಿಲ್ಲ. ಆಳುವ ಅರಸ ಮೀನುಬುಟ್ಟಿಗೆ ತಲೆಕೊಟ್ಟು ಮಲಗಿದ. ಯುಫ್ರೇಸಿ ಮರಳಿನ ಮೇಲೆ ಒರಗಿದಳು, ಒಡೀಲ್ ಅವಳ ಮಗ್ಗುಲಿಗೆ. ಇಡೀ ರಾಜ್ಯ ದಣಿವಾರುವಷ್ಟು ನಿದ್ದೆ ಮಾಡಿತು.

ಎಲ್ಲರಿಗಿಂತ ಕೊನೆಗೆ ಎದ್ದವಳು ಯುಫ್ರೇಸಿ. ಮಗಳು ಕೊಟ್ಟ ಮೀನಿನ ಸಾರು ಕುಡಿದು, ಊದಿದ ಕಾಲುಗಳನ್ನು ಬಿಸಿಲಿಗೆ ಚಾಚಿದಳು.

"ಒಡೀಲ್, ಬರುವ ವರ್ಷ ನಾನು ಹಳದಿ ಗರಿ ಮುಡಿಯುತ್ತೇನೆ," ಎಂದಳು.

"ಆಗಲಿ ಅಮ್ಮ. ಈಗ ಇನ್ನಷ್ಟು ಮಲಗು."